ಸುಕನ್ಯಾ ಬಿಟ್ಟುಹೋದ ಮಂಚ

ನಾನೊಂದು ಕಬ್ಬಿಣದ ಮಂಚ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ, ವೆಲ್ಡಿಂಗಿನ ನೀಲಿ ಕಿಡಿಗಳ ನಡುವೆ ನಾನು ಹುಟ್ಟಿದೆ. ನಾಲ್ಕು ಕಾಲು, ಅಡ್ಡಕ್ಕೆ ಒಂದಿಷ್ಟು ಚಪ್ಪಟೆ ಪಟ್ಟಿ, ತಲೆಯ ಕಡೆ ಬಾಗಿಸಿದ ಒಂದು ಪೈಪು. ಇಷ್ಟೇ ನಾನು. ಮೈಗೆ ಹಸಿರು ಬಣ್ಣ ಬಳಿದು, ಅದು ಪೂರ್ತಿ ಆರುವ ಮೊದಲೇ ನನ್ನಂಥ ಹಲವರ ಜೊತೆ ಲಾರಿಗೆ ಹೇರಿದರು. ಹಾಗಾಗಿ ಧಾರವಾಡಕ್ಕೆ ಬಂದಿಳಿದಾಗ ನನ್ನ ಎಡಗಾಲಿನ ಮೇಲೆ ಯಾರದೋ ಬೆರಳಿನ ಗುರುತು ಉಳಿದಿತ್ತು.

ನನ್ನನ್ನು ಹಾಕಿದ್ದು ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲಿನ ಎರಡನೆಯ ಮಹಡಿಯಲ್ಲಿ, ಕಿಟಕಿಯ ಬದಿಗೆ. ಎದುರಿನ ಗೋಡೆಗೆ ಇನ್ನೊಂದು ಮಂಚ. ನಡುವೆ ಒಬ್ಬರು ಓಡಾಡುವಷ್ಟು ಜಾಗ.

ಮಂಚವಾದವರಿಗೆ ಜನರ ಮುಖದ ಪರಿಚಯ ಕಡಿಮೆ, ಬೆನ್ನಿನ ಪರಿಚಯ ಹೆಚ್ಚು. ನನ್ನ ಮೇಲೆ ಮೊದಲು ಮಲಗಿದವಳು ಅಥಣಿ ಕಡೆಯ ಹುಡುಗಿ. ಬಾಯಿಪಾಠ ಮಾಡುತ್ತಲೇ ನಿದ್ದೆ ಹೋಗುತ್ತಿದ್ದಳು, ಎದ್ದ ಕೂಡಲೇ ಬಿಟ್ಟ ಸಾಲಿನಿಂದ ಮುಂದುವರಿಸುತ್ತಿದ್ದಳು. ಆಮೇಲೆ ಬಂದವಳು ಊರಿನ ನೆನಪಾಗಿ ದಿಂಬು ಕಚ್ಚಿಕೊಂಡು ಅಳುತ್ತಿದ್ದಳು. ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ಅವಳು ಅತ್ತದ್ದನ್ನು ನಾನು ಕೇಳಲಿಲ್ಲ. ಹೀಗೆ ಬಂದರು, ಓದಿದರು, ಹೋದರು. ಯಾರೂ ನನ್ನನ್ನು ಚಿಂತೆಗೆ ಹಚ್ಚಲಿಲ್ಲ. ಚಿಂತೆಗೆ ಹಚ್ಚಿದವಳು ಸುಕನ್ಯಾ ಬಡಿಗೇರ.

ಅವಳು ಬಂದದ್ದು ತಂದೆಯ ಜೊತೆ. ಹಾಸ್ಟೆಲಿಗೆ ಸೇರುವ ದಿನ ಮತ್ತು ಖಾಲಿ ಮಾಡುವ ದಿನ ಮಾತ್ರ ಗಂಡಸರು ಮೇಲೆ ಬರಬಹುದು. ಬಂದವರು ಮುಂಡರಗಿಯ ಮೌನೇಶ ಮಾಸ್ತರರು, ನಿವೃತ್ತ ಶಾಲಾ ಶಿಕ್ಷಕರು. ಟ್ರಂಕನ್ನು ಕೆಳಗಿಳಿಸಿ, ಒದ್ದೆ ಬಟ್ಟೆಯಿಂದ ನನ್ನ ಪಟ್ಟಿಗಳನ್ನು ಒಂದೊಂದಾಗಿ ಒರೆಸಿದರು. ಆಮೇಲೆ ಕಿಟಕಿಯ ಕಡೆ ನೋಡಿ, "ಬೆಳಕು ಎಡಗಡಿಂದ ಬೀಳ್ತೈತಿ. ಬರಿಯಾಕ ಛಲೋ ಆತು. ಕೈ ನೆರಳು ಹಾಳಿ ಮ್ಯಾಲ ಬರೂದಿಲ್ಲ" ಅಂದರು.

ಅವರು ಹೇಳಿದ್ದು ನೋಟ್ಸು ಬರೆಯುವ ಮಾತು. ಸುಕನ್ಯಾ ಸೇರಿದ್ದು ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ. ಹೊರಡುವಾಗ ಮಾಸ್ತರರು ನನ್ನ ಅಂಚಿನ ಮೇಲೆ ಕೂತು ಮಗಳಿಗೆ ಹೇಳಿದರು: "ಎರಡ ವರ್ಷ ಯವ್ವಾ. ಆಮ್ಯಾಲ ನೀ ಲೆಕ್ಚರರ್. ಸ್ಟಾಫ್ ರೂಮಿನಾಗ ನಿಂದ ಅಂತ ಒಂದು ಕುರ್ಚಿ ಇರ್ತೈತಿ. ಅದರಾಗ ಯಾರೂ ಕೂಡೂದಿಲ್ಲ."

ಕುರ್ಚಿಯ ಮಾತನ್ನು ಅವರು ಅಷ್ಟು ಒತ್ತಿ ಯಾಕೆ ಹೇಳಿದರು ಎಂಬುದು ನನಗೆ ಆಗ ತಿಳಿಯಲಿಲ್ಲ.

ಎದುರು ಮಂಚಕ್ಕೆ ಬಂದವಳು ಸವಣೂರಿನ ಫರ್ಹಾನಾ, ಅದೇ ಕ್ಲಾಸಿನವಳು. ಗಟ್ಟಿ ದನಿಯ, ನೇರ ಮಾತಿನ ಹುಡುಗಿ. ವಾರದೊಳಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಚುರುಮುರಿ ತಿನ್ನುವಷ್ಟು ಹತ್ತಿರವಾದರು. ಸುಕನ್ಯಾ ಓದಿನಲ್ಲಿ ಚುರುಕು. ಫರ್ಹಾನಾ ತಲೆ ಕೆರೆದುಕೊಳ್ಳುವ ಲೆಕ್ಕವನ್ನು ಇವಳು ಹಲ್ಲುಜ್ಜುತ್ತ ಹೇಳಿಕೊಡುತ್ತಿದ್ದಳು. ಮೊದಲ ಸೆಮಿಸ್ಟರಿನಲ್ಲಿ ಇಡೀ ತರಗತಿಗೆ ಅವಳೇ ಮುಂದೆ.

ಫಲಿತಾಂಶ ಬಂದ ದಿನ ಮಧ್ಯಾಹ್ನ ಅವಳು ಕೋಣೆಗೆ ಬಂದು ನನ್ನ ಮೇಲೆ ಬೋರಲು ಬಿದ್ದುಕೊಂಡಳು. ಫರ್ಹಾನಾ ಪೇಡೆಯ ಪೊಟ್ಟಣ ಹಿಡಿದು ಬಂದು ನೋಡಿದರೆ ಇವಳ ಮುಖ ಬಾಡಿತ್ತು.

"ಏನಾತ? ಊರಾಗ ಎಲ್ಲಾರೂ ಆರಾಮ ಅದಾರಿಲ್ಲೊ?"

"ಅದಾರ."

"ಮತ್ತ ಫಸ್ಟ್ ಬಂದಾಕಿ ಹಿಂಗ ಬಿದ್ಕೊಂಡ್ರ ನಾವೆಲ್ಲ ಏನ ಮಾಡಬೇಕ?"

ಸುಕನ್ಯಾ ಎದ್ದು ಕೂತಳು. "ನಾ ಪಾಸಾಗ್ತೀನಿ ಫರ್ಹಾನಾ. ಮುಂದೂ ಪಾಸಾಗ್ತೀನಿ. ಅದಕ್ಕ ನನಗ ಅಂಜಿಕಿ ಬಂದೈತಿ. ಸರ್ ನನ್ನ ಹೊಗಳೋ ಮುಂದ ನಾ ಕಿಟಕಿ ಹೊರಗ ನೋಡಾಕತ್ತಿದ್ದೆ. ಮಾಲಿ ಪೈಪ್ ಹಿಡಕೊಂಡು ನಿಂತಿದ್ದ. ಅಂವಾ ಹೆಂಗ ನಿಂತಾನ ಅನ್ನೂದ ತಲಿಯಾಗ."

ಫರ್ಹಾನಾಗೆ ಅರ್ಥವಾಗಲಿಲ್ಲ. ಅವಳು ಪೇಡೆಯನ್ನು ಗೆಳತಿಯ ಬಾಯಿಗೆ ತುರುಕಿ ನಕ್ಕಳು. ನನಗೆ ಸ್ವಲ್ಪ ಅರ್ಥವಾಯಿತು. ಸುಕನ್ಯಾ ದಿನಾ ನನ್ನ ಮೇಲೆ ಕೂತು, ಮೊಣಕಾಲಿನ ಮೇಲೆ ರಟ್ಟಿಟ್ಟುಕೊಂಡು ಏನಾದರೂ ಗೀಚುತ್ತಿದ್ದಳು. ಹಗ್ಗದ ಮೇಲಿನ ಓಢಣಿ, ಬಕೆಟ್ಟು, ನಿದ್ದೆ ಹೋದ ಫರ್ಹಾನಾಳ ಜಡೆ. ಗೀಚಿದ್ದನ್ನು ನೋಡಿ ತೃಪ್ತಿಯಾದವಳಂತೆ ಒಂದು ದಿನವೂ ಅವಳ ಉಸಿರು ಸಡಿಲಾಗಿದ್ದಿಲ್ಲ.

ಚಿತ್ರ ಅವಳಿಗೆ ತಂದೆಯಿಂದ ಬಂದದ್ದು. ಮೌನೇಶ ಮಾಸ್ತರರು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಚೌಕ ಚೌಕ ಗೆರೆ ಹಾಕಿ, ಕ್ಯಾಲೆಂಡರಿನ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡುವುದನ್ನು ಮಗಳಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಗುಡ್ಡ, ಸೂರ್ಯ, ನೀರು ಕುಡಿಯುವ ಜಿಂಕೆ. ಅವಳ ಜಿಂಕೆಗೆ ತಾಲೂಕಿಗೇ ಮೊದಲ ಬಹುಮಾನ ಬಂದಿತ್ತಂತೆ.

ಚಳಿಗಾಲ ಕಳೆಯುವ ಹೊತ್ತಿಗೆ, ಒಂದು ಭಾನುವಾರ ಇಬ್ಬರೂ ಊರೊಳಗೆ ಹೋದರು. ಬೆಳಗಾವಿಯ ಒಂದು ಕಲಾಶಾಲೆಯ ಹುಡುಗರು ಅಲ್ಲಿನ ಸಭಾಂಗಣದಲ್ಲಿ ತಮ್ಮ ಚಿತ್ರಗಳನ್ನು ತೂಗುಹಾಕಿದ್ದರು. ಬಿಸಿಲಿಗೆ ನೆರಳು ಸಿಕ್ಕೀತೆಂದು ಒಳಗೆ ಹೋದವರು ಸಂಜೆಗೆ ಮರಳಿದರು. ಸುಕನ್ಯಾ ಚಪ್ಪಲಿ ಬಿಚ್ಚದೆ ನನ್ನ ಮೇಲೆ ಕೂತಳು. ಊಟದ ಗಂಟೆ ಬಾರಿಸಿದರೂ ಏಳಲಿಲ್ಲ.

"ಒಂದ ಚಿತ್ರದ ಮುಂದ ಇಷ್ಟೊತ್ತು ನಿಂತ್ರ ಏನ ಅಂದಾರು ಮಂದಿ" ಎಂದು ಫರ್ಹಾನಾ ರೇಗಿದಳು. "ಅದೇನ ಇತ್ತಂತ? ಬಸ್ ಸ್ಟ್ಯಾಂಡಿನಾಗ ಕುಂತ ಮುದುಕಿ ಕಾಲು."

"ಆ ಕಾಲಿಗೆ ಭಾರ ಇತ್ತು" ಎಂದಳು ಸುಕನ್ಯಾ. "ಆ ಮುದುಕಿ ದಿನಾ ಎಷ್ಟು ನಡೀತಾಳ ಅನ್ನೂದು ಇದ್ದಿಲಿ ಗೆರಿಯಾಗ ಗೊತ್ತಾಗ್ತಿತ್ತು. ನಾ ಬರದ ಒಂದ ಚಿತ್ರಕ್ಕೂ ಭಾರ ಇಲ್ಲ. ನನ್ನ ಜಿಂಕಿ ಗಾಳಿಯಾಗ ತೇಲತಾವ."

ಭಾರ ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು. ಆ ಹುಡುಗಿಯ ಸಂಕಟ ನನಗೆ ಹಿಡಿತಕ್ಕೆ ಸಿಕ್ಕಿದ್ದು ಆ ಒಂದು ಮಾತಿನಿಂದ.

ಮರುದಿನದಿಂದ ಅವಳು ಫರ್ಹಾನಾಳ ಕಾಲು ಬರೆಯತೊಡಗಿದಳು. ಎದುರು ಮಂಚದಿಂದ ಒಂದು ಕಾಲನ್ನು ನೆಲಕ್ಕೆ ಇಳಿಬಿಟ್ಟು ಕೂರಬೇಕು, ಅಲುಗಾಡಬಾರದು. ಫರ್ಹಾನಾ ಪುಸ್ತಕ ಹಿಡಿದು ಸಹಿಸಿಕೊಂಡಳು. "ಜೋಮು ಹಿಡೀತು ತಾಯಿ, ಇನ್ನರ ಬಿಡು" ಎನ್ನುವಳು. ಸುಕನ್ಯಾ ಹಾಳೆ ಹರಿಯುವಳು, ಇನ್ನೊಂದು ಹಾಳೆ ತೆಗೆಯುವಳು. ಹರಿದದ್ದೆಲ್ಲ ನನ್ನ ಕೆಳಗೆ ಸೇರುತ್ತಿತ್ತು. ಗುಡಿಸಲು ಬರುವ ಹೆಂಗಸು ಬೈದುಕೊಂಡು ಬಾಚಿ ಒಯ್ಯುತ್ತಿದ್ದಳು. ಸುಕನ್ಯಾಳ ಕೈಗೆ ಗೊತ್ತಿದ್ದ ಚಮತ್ಕಾರಗಳೇ ಅವಳಿಗೆ ಅಡ್ಡ ಬರುತ್ತಿದ್ದವು. ನೋಡುವ ಮೊದಲೇ ಕೈ ಓಡುತ್ತಿತ್ತು.

ಬೇಸಿಗೆಯಲ್ಲಿ ಅವಳು ಯಾರಿಗೂ ಹೇಳದೆ ಬೆಳಗಾವಿಗೆ ಹೋಗಿ ಆ ಕಲಾಶಾಲೆಯ ಪ್ರವೇಶ ಪರೀಕ್ಷೆ ಬರೆದು ಬಂದಳು. ಆಯ್ಕೆಯ ಸುದ್ದಿ ಬಂದ ಮಧ್ಯಾಹ್ನ ಫರ್ಹಾನಾಗೆ ಹೇಳಿದಳು. ಕುಣಿದು ಹೇಳಲಿಲ್ಲ.

"ಕಡೇ ಹೆಸರು ನಂದ. ಯಾರೋ ಒಬ್ರು ಬರಲಿಲ್ಲಂತ, ನನಗ ಕೊಟ್ರು."

ಫರ್ಹಾನಾ ಇಸ್ತ್ರಿ ಮಾಡುತ್ತಿದ್ದಳು. ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಬಂದು ನನ್ನ ಮೇಲೆ ಪಕ್ಕಕ್ಕೆ ಕೂತಳು. "ನೋಡು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅರ್ಧ ದಾರಿ ನಡದೀವಿ. ಇನ್ನೊಂದ ವರ್ಷ ಮುಗಸು, ಡಿಗ್ರಿ ಕೈಯಾಗ ಇರ್ಲಿ. ಆಮ್ಯಾಲ ಹೋಗು. ಸಾಲಿ ಎಲ್ಲಿ ಓಡಿ ಹೊಕ್ಕೈತಿ?"

"ಸಾಲಿ ಓಡೂದಿಲ್ಲ. ನಾನ ಓಡ್ತೀನಿ" ಎಂದಳು ಸುಕನ್ಯಾ. "ಮುಗಿಸಿದ್ರ ನೌಕರಿ ಸಿಗ್ತೈತಿ. ಸಿಕ್ಕ ಮ್ಯಾಲ ಬಿಡಾಕ ಅಪ್ಪ ಬ್ಯಾಡ ಅನ್ನೂದ ಬೇಕಾಗಿಲ್ಲ, ನಾನ ಬಿಡೂದಿಲ್ಲ. ರೊಕ್ಕ ಬರ್ತೈತಿ, ಮಂದಿ ಮೇಡಂ ಅಂತಾರ, ಎಲ್ಲಾ ಹಿತ ಆಗ್ತೈತಿ. ನನ್ನ ನನಗ ಗೊತ್ತೈತಿ."

"ಹೋಗಿ ಅಲ್ಲೂ ಬರಲಿಲ್ಲ ಅಂದ್ರ?"

ಸುಕನ್ಯಾಳ ಅಂಗೈ ನನ್ನ ಪೈಪನ್ನು ಬಿಗಿಯಾಗಿ ಹಿಡಿದಿತ್ತು. ಅಂಗೈ ತಣ್ಣಗಿತ್ತು.

ಆಮೇಲೆ ಅವಳೇ ತಂದೆಯ ಮಾತು ತೆಗೆದಳು. "ನಮ್ಮಪ್ಪಗ ಹೇಳೂದು ಹೆಂಗ? ನಾ ಸಣ್ಣಾಕಿದ್ದಾಗ ಅಪ್ಪನ ಸಾಲಿಗೆ ಸಾಹೇಬ್ರು ಬಂದಿದ್ರು. ಹೆಡ್ ಮಾಸ್ತರು ಸಾಲಾಗಿ ಪರಿಚಯ ಮಾಡಿಸಿದ್ರು. ಇವರು ಕುಲಕರ್ಣಿ ಸರ್, ಗಣಿತ. ಇವರು ಹಿರೇಮಠ ಸರ್, ವಿಜ್ಞಾನ. ಅಪ್ಪನ ಮುಂದ ಬಂದು, 'ಇವರು ಡ್ರಾಯಿಂಗು' ಅಂದ್ರು. ಅಷ್ಟ. ಹೆಸರ ಹೇಳಲಿಲ್ಲ. ಅಪ್ಪ ಕೈ ಮುಗದ. ಸಾಹೇಬ್ರು ಮುಂದ ಹೋದ್ರು. ನಾ ಬಾಗಲದಾಗ ನಿಂತು ನೋಡೀನಿ. ಯಾರ ರಜಾ ಹಾಕಿದ್ರೂ ಅವರ ಕ್ಲಾಸಿಗೆ ಅಪ್ಪ ಹೋಗಿ ಕುಂದರಬೇಕು. ವರ್ಷದ ಗ್ಯಾದರಿಂಗ್ ಬಂತಂದ್ರ ಸ್ಟೇಜ್ ಕಟ್ಟಬೇಕು. ಸ್ಟಾಫ್ ರೂಮಿನಾಗ ಕುರ್ಚಿ ಕಡಿಮಿ ಬಿದ್ರ ಅಪ್ಪನ ಕುರ್ಚಿ ಹೋಗ್ತಿತ್ತು. ಅದರ ಸಿಟ್ಟು ನನ್ನ ಮ್ಯಾಲ ಎಂದೂ ತಗೀಲಿಲ್ಲ. ಬರೀ ಓದಸಿದ."

ಕುರ್ಚಿಯ ಮಾತು ನನಗೆ ಅಂದು ತಿಳಿಯಿತು.

ಎರಡು ದಿನ ಅವಳು ಫೋನು ಹಿಡಿದು ಕೂತಳು, ಇಟ್ಟಳು. ಮೂರನೆಯ ದಿನ ಊಟ ಬಿಟ್ಟು ಬಂದು ಮಾತಾಡಿದಳು. ಸ್ಪೀಕರ್ ಹಾಕಿ ಫೋನನ್ನು ಹಾಸಿಗೆಯ ಮೇಲಿಟ್ಟಿದ್ದಳು. ಮಾಸ್ತರರ ದನಿ ನನಗೂ ಕೇಳುತ್ತಿತ್ತು.

"ಅಪ್ಪಾ, ಮುಂದಿನ ವರ್ಷ ನಾ ಇಲ್ಲಿಗೆ ಬರೂದಿಲ್ಲ."

"ಮತ್ತೆಲ್ಲಿಗೆ ಹೊಂಟಿ?"

"ಬೆಳಗಾವಿಗೆ. ಚಿತ್ರಕಲಾ ಶಾಲಿಗೆ. ಸೀಟು ಸಿಕ್ಕೈತಿ."

ಆ ಕಡೆ ಯಾರೋ ಬಿಂದಿಗೆ ಇಳಿಸಿದ ಸದ್ದು ಕೇಳಿತು, ಅವ್ವನಿರಬೇಕು. ಕೊನೆಗೆ ಮಾಸ್ತರರು ಮೆಲ್ಲಗೆ ಕೇಳಿದರು: "ಚಿತ್ರ ನಿನಗ ಬರ್ತಾವಲ್ಲ ಯವ್ವಾ. ನಾ ಕಲಿಸೀನಿ. ಬರೂದನ್ನ ಕಲಿಯಾಕ ಯಾರರ ಸಾಲಿಗೆ ಹೊಕ್ಕಾರೇನು?"

ಸುಕನ್ಯಾ ಹಾಸಿಗೆಯ ಅಂಚಿನ ದಾರ ಎಳೆದಳು. ನಿನ್ನ ಪಾಠ ಸಾಲದು ಎಂದು ತಂದೆಗೆ ಹೇಳುವುದು ಹೇಗೆ?

"ಪರೀಕ್ಷಾ ಮುಗೀಲಿ. ಸಾಮಾನು ತರಾಕ ನಾ ಬರ್ತೀನಿ. ಮನಿಗೆ ಬಾ, ಕುಂತು ಮಾತಾಡೂಣು" ಎಂದು ಅವರೇ ಫೋನು ಇಟ್ಟರು.

ಆ ವಾರಗಳಲ್ಲಿ ಅವಳು ನಿದ್ದೆ ಮಾಡಿದ್ದು ಕಡಿಮೆ. ಆದರೂ ಪರೀಕ್ಷೆಗಳನ್ನು ಬಿಡದೆ ಬರೆದಳು. ಬಿಟ್ಟುಹೋಗುವ ಮನೆಯನ್ನು ಗುಡಿಸಿ ಹೋದ ಹಾಗೆ. ಒಂದು ದಿನ ಹೋಗುವುದು ಖಚಿತವೆಂದು ಟ್ರಂಕು ತುಂಬುವಳು, ಮರುದಿನ ಪುಸ್ತಕಗಳನ್ನು ಹೊರಗೆ ತೆಗೆದು ಸಾಲಾಗಿ ಜೋಡಿಸುವಳು.

ಹಾಸ್ಟೆಲು ಖಾಲಿ ಮಾಡುವ ದಿನ ಮೌನೇಶ ಮಾಸ್ತರರು ಬೆಳಿಗ್ಗೆಯೇ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಫರ್ಹಾನಾ ನೀರು ಕೊಟ್ಟು, ತನ್ನ ಚೀಲ ತುಂಬುವ ನೆಪದಲ್ಲಿ ವರಾಂಡಕ್ಕೆ ಹೋದಳು. ಹಾಸಿಗೆ ಸುತ್ತಿಯಾಗಿತ್ತು. ಮಾಸ್ತರರು ನನ್ನ ಬರೀ ಪಟ್ಟಿಗಳ ಮೇಲೆ ಕೂತರು. ಸಾಮಾನಿಗೆ ಕೈ ಹಾಕಲಿಲ್ಲ.

"ಹಾಳಿ ಅದಾವೇನು?"

"ಅದಾವ."

"ನನ್ನ ಬರಿ."

ಸುಕನ್ಯಾ ತಂದೆಯ ಮುಖ ನೋಡಿದಳು.

"ಬರಿ ಯವ್ವಾ. ನಿನಗ ಏನ ಬರ್ತೈತಿ, ಏನ ಬರೂದಿಲ್ಲ, ನಾನೂ ನೋಡ್ತೀನಿ."

ಅವಳು ನೆಲದ ಮೇಲೆ ಕೂತು ರಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಮಾಸ್ತರರು ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು, ಫೋಟೋಗೆ ಕೂತವರಂತೆ ಕೂತರು. ಪೆನ್ಸಿಲು ಹಾಳೆಯ ಮೇಲೆ ಸರಿಯುವ ಸದ್ದು ಕೇಳಿತು. ನಿಂತಿತು, ರಬ್ಬರು ಉಜ್ಜಿತು, ಮತ್ತೆ ಪೆನ್ಸಿಲು ಸರಿಯಿತು. ವರಾಂಡದಲ್ಲಿ ಟ್ರಂಕುಗಳನ್ನು ಎಳೆದಾಡುವ ಗದ್ದಲ. ಮಾಸ್ತರರು ಮೇಲ್ನೋಟಕ್ಕೆ ಕದಲಲಿಲ್ಲ. ಆದರೆ ಅವರ ಭಾರ ಆಗಾಗ ಸರಿಯುವುದು ನನ್ನ ಪಟ್ಟಿಗಳಿಗೆ ಗೊತ್ತಾಗುತ್ತಿತ್ತು.

ಕೊನೆಗೆ ಸುಕನ್ಯಾ ಹಾಳೆಯನ್ನು ತಂದೆಯ ಕೈಗೆ ಕೊಟ್ಟಳು. ಮಾಸ್ತರರು ಕನ್ನಡಕ ಏರಿಸಿ, ಹುಡುಗರ ಹಾಳೆ ತಿದ್ದುವಂತೆ ನೋಡಿದರು.

"ಕಿವಿ ಛಲೋ ಬಂದೈತಿ. ಮೂಗಿಗೂ ಅಡ್ಡಿಯಿಲ್ಲ." ಹಾಳೆಯಿಂದ ತಲೆಯೆತ್ತಿದರು. "ಆದ್ರ ಇಂವಾ ನಾ ಅಲ್ಲ."

"ಅಲ್ಲ."

"ಮತ್ತ ಯಾರಿಂವಾ?"

"ಯಾರೋ ಒಬ್ಬ ಮುದುಕ" ಎಂದಳು ಸುಕನ್ಯಾ. "ಹುಟ್ಟಿದಾಗಿಂದ ನಿನ್ನ ನೋಡೀನಪ್ಪಾ. ನೀ ನನಗ ಬರೂದಿಲ್ಲ. ಜಿಂಕಿ ಬರ್ತೈತಿ, ನೀ ಬರೂದಿಲ್ಲ. ಅದಕ್ಕ ಹೊಂಟೀನಿ."

ಫೋನಿನಲ್ಲಿ ಅವರು ಕೇಳಿದ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಇದೇ. ಮಾಸ್ತರರು ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಅಲ್ಲಿ ಹೋದ್ರ ಬರ್ತೈತೇನು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತೀ. ಹೊಂಟೀನಿ ಅಂತೀ."

"ಹೂಂ."

"ನನ್ನ ಮಂದಿ ಹೆಂಗ ಕರೀತಿದ್ರು, ನೀ ನೋಡಿದಾಕಿ. ನಾಳೆ ನಿನ್ನೂ ಹಂಗ ಕರದ್ರ?"

"ಕರೀಲಿ ಬಿಡು ಅನ್ನುವಷ್ಟು ಧೈರ್ಯ ನನಗಿಲ್ಲಪ್ಪಾ. ಅಂಜಿಕಿ ಐತಿ. ಅಂಜಕೋತನ ಹೋಗ್ತೀನಿ."

ಮಾಸ್ತರರು ಕಿಟಕಿಯ ಕಡೆ ತಿರುಗಿದರು. "ನಾ ಎಂದೂ ಮನಿಶ್ಯಾರನ್ನ ಬರೀಲಿಲ್ಲ" ಎಂದು ಗೋಡೆಗೆ ಹೇಳಿದಂತೆ ಹೇಳಿದರು. "ಗುಡ್ಡ, ಜಿಂಕಿ, ಭಾರತದ ನಕಾಶಿ. ಸಾಲಿ ಗ್ವಾಡಿಗೆ ಅಷ್ಟ ಬೇಕಾಗಿತ್ತು. ನಾನೂ ಅಷ್ಟಕ್ಕ ಬಿಟ್ಟೆ."

ಅದು ಒಪ್ಪಿಗೆಯ ಮಾತಾಗಿರಲಿಲ್ಲ. ಅವರು ಎದ್ದು ಟ್ರಂಕನ್ನು ಹೆಗಲಿಗೇರಿಸಿದರು. "ಇದನ್ನ ಮನಿಗೆ ಒಯ್ತೀನಿ. ನೀ ನಿನ್ನ ದಾರಿ ನೋಡ್ಕೋ. ನನ್ನ ಕೇಳಬ್ಯಾಡ, ನಾ ಹೂಂ ಅನ್ನೂದಿಲ್ಲ" ಎಂದು ಬಾಗಿಲು ದಾಟಿದರು. ಹಾಳೆಯನ್ನು ನನ್ನ ಮೇಲೆಯೇ ಬಿಟ್ಟಿದ್ದರು. ಸುಕನ್ಯಾ ಹಿಂದೆ ಓಡಲಿಲ್ಲ. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಪೂರ್ತಿ ಇಳಿಯುವವರೆಗೆ ಕೇಳುತ್ತ ನಿಂತಳು. ಆಮೇಲೆ ಒಂದು ಕೈಚೀಲ, ಒಂದು ರಟ್ಟು ಹಿಡಿದು, ಫರ್ಹಾನಾಳನ್ನು ಅಪ್ಪಿಕೊಂಡು ಹೊರಟುಹೋದಳು.

ಎರಡನೆಯ ವರ್ಷ ಫರ್ಹಾನಾ ಅದೇ ಕೋಣೆಯಲ್ಲಿ ಉಳಿದಳು. ನನ್ನ ಮೇಲೆ ಕಲಘಟಗಿಯ ಒಬ್ಬ ಹುಡುಗಿ ಬಂದಳು, ಸದ್ದಿಲ್ಲದೆ ಮಲಗುವವಳು. ಸುಕನ್ಯಾಳ ಸುದ್ದಿ ನನಗೆ ಆಗಾಗ ಫರ್ಹಾನಾಳ ಫೋನಿನಿಂದ ಸಿಗುತ್ತಿತ್ತು. ಸಿಕ್ಕಿದ್ದೆಲ್ಲ ಒಳ್ಳೆಯ ಸುದ್ದಿಯಾಗಿರಲಿಲ್ಲ. ತರಗತಿಯಲ್ಲಿ ಎಲ್ಲರೂ ಅವಳಿಗಿಂತ ಸಣ್ಣವರು, ಅಕ್ಕಾ ಎನ್ನುತ್ತಾರಂತೆ. ಅವಳ ಕೈಯ ಹಳೆಯ ರೂಢಿ ಬಿಡಿಸಲು ಗುರುಗಳು ಎಡಗೈಯಲ್ಲಿ ಬರೆಸುತ್ತಿದ್ದಾರಂತೆ. ಮನೆಯಿಂದ ಅವ್ವ ಮಾತ್ರ ಮಾತಾಡುತ್ತಾಳಂತೆ.

ಫರ್ಹಾನಾ ಓದು ಮುಗಿಸಿ ಕೋಣೆ ಬಿಡುವ ದಿನ ಸುಕನ್ಯಾ ಅವಳನ್ನು ನೋಡಲು ಬಂದಳು. ನನ್ನ ಮೇಲೆ ಕೂತಳು. ತೆಳ್ಳಗಾಗಿದ್ದಳು. ಉಗುರಿನ ಸಂದಿಯಲ್ಲಿ ಇದ್ದಿಲ ಕಪ್ಪು.

ಫರ್ಹಾನಾ ಸುತ್ತುಬಳಸು ಮಾಡುವವಳಲ್ಲ. "ಖರೇ ಹೇಳು. ಹೋಗಿದ್ದು ತಪ್ಪಾತೇನು?"

"ದಿನಾ ಮುಂಜಾನೆ ಕೇಳ್ಕೋತೀನಿ" ಎಂದಳು ಸುಕನ್ಯಾ. "ಕೆಲಸಕ್ಕ ಕುಂತ ಮ್ಯಾಲ ಕೇಳೂದು ಮರೀತೈತಿ. ಮರುದಿನ ಮತ್ತ ಕೇಳ್ಕೋತೀನಿ."

"ಅಪ್ಪ?"

ಸುಕನ್ಯಾ ಓಢಣಿಯ ತುದಿಯಿಂದ ಕೈ ಒರೆಸಿಕೊಂಡಳು. "ದಸರಾಕ್ಕ ಊರಿಗೆ ಹೋಗಿದ್ದೆ. ಒಂದ ಮಾತ ಆಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಹೊರಗ ಕಟ್ಟಿ ಮ್ಯಾಲ ಕುಂತಿದ್ದ. ಅವ್ವ ಚಾ ಕೊಟ್ಟು ಬಂದ್ಳು. ನಾ ಒಳಗ ಕಿಟಕಿ ಕಡೆ ಕುಂತು ಬರಿಯಾಕ ಹತ್ತಿದೆ. ಕೇಳಲಿಲ್ಲ, ಹೇಳಲಿಲ್ಲ. ಅಪ್ಪ ಚಾದ ಕಪ್ಪಿಗೆ ಕೈ ಚಾಚಿದ್ದ. ನನ್ನ ಪೆನ್ಸಿಲ್ ಸಪ್ಪಳ ಕೇಳಿರಬೇಕು. ಚಾಚಿದ ಕೈ ಹಂಗ ಇಟ್ಟ. ತಗೊಳ್ಳಲಿಲ್ಲ, ಹಿಂದೂ ಸರಸಲಿಲ್ಲ. ಓಣಿ ಮಂದಿ ನಮಸ್ಕಾರ ಅಂದ್ರೂ ತಿರುಗಿ ನೋಡಲಿಲ್ಲ. ಚಾ ಆರಿ ಕೆನಿ ಕಟ್ಟಿತು. ನಾ ಮುಗಿಸಿ ಹಾಳಿ ಮಡಚಿದ ಮ್ಯಾಲ ಕಪ್ಪು ಎತ್ತಿ ತಣ್ಣಂದ ಕುಡದ."

"ನೋಡಿದ್ರೇನು ಚಿತ್ರ?"

"ತೋರಸು ಅನ್ನಲಿಲ್ಲ. ನಾನೂ ತೋರಸಲಿಲ್ಲ."

"ಹೆಂಗ ಬಂದೈತಿ?"

"ಕೈ ಬಂದೈತಿ" ಎಂದಳು ಸುಕನ್ಯಾ. "ಮಾರಿ ಇನ್ನೂ ಇಲ್ಲ."

ಅವಳು ಎದ್ದು ಹೋದ ಮೇಲೆ ನಾನು ಅವಳನ್ನು ಮತ್ತೆ ಕಾಣಲಿಲ್ಲ. ಮುಂದೆ ಮುಖ ಬಂದಿತೋ ಇಲ್ಲವೋ, ಮಾಸ್ತರರು ನೋಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಹಾಸ್ಟೆಲಿನ ಮಂಚಗಳಿಗೆ ಪೂರ್ತಿ ಕಥೆ ಸಿಗುವುದಿಲ್ಲ.

ಈಗ ನನಗೆ ವಯಸ್ಸಾಗಿದೆ. ಹೊಸ ಮಂಚಗಳು ಬಂದವು, ಹಲಗೆಯವು, ಕೆಳಗೆ ಖಾನೆ ಇರುವಂಥವು. ನಮ್ಮನ್ನೆಲ್ಲ ಅಡುಗೆಮನೆಯ ಹಿಂದಿನ ಅಂಗಳಕ್ಕೆ ಹಾಕಿದರು. ಕೆಲವರನ್ನು ಗುಜರಿಯವನು ಒಯ್ದ. ನನ್ನನ್ನು ಅಡುಗೆಯ ಹೆಂಗಸರು ಉಳಿಸಿಕೊಂಡಿದ್ದಾರೆ, ಮೆಂತ್ಯದ ಸೊಪ್ಪು ಬಿಡಿಸಲು ಕೂರುತ್ತಾರೆ. ಹಸಿರು ಬಣ್ಣ ಹೋಗಿ ಮೈಯೆಲ್ಲ ತುಕ್ಕು. ಒಂದು ಪಟ್ಟಿ ಬೆಸುಗೆ ಬಿಟ್ಟು ಜೋಲುತ್ತದೆ.

ಮಳೆ ಬಿಟ್ಟ ಮಧ್ಯಾಹ್ನಗಳಲ್ಲಿ ಒಮ್ಮೊಮ್ಮೆ ಯಾವಳೋ ಹೊಸ ಹುಡುಗಿ ಗದ್ದಲ ತಪ್ಪಿಸಿಕೊಂಡು ಇಲ್ಲಿಗೆ ಬರುತ್ತಾಳೆ. ನನ್ನ ಅಂಚಿನ ಮೇಲೆ ಕೂತು, ಫೋನನ್ನು ಕೈಯಲ್ಲಿ ಹಿಡಿದು, ಯಾರಿಗೂ ಕರೆ ಹಚ್ಚದೆ ಸುಮ್ಮನಿರುತ್ತಾಳೆ. ಅವಳ ಮನಸ್ಸಿನಲ್ಲಿ ಏನಿದೆಯೋ ನಾನು ಕೇಳಲಾರೆ. ಯಾವುದು ಸರಿ ಎಂದು ಹೇಳುವ ತಿಳಿವಳಿಕೆ ಕಬ್ಬಿಣಕ್ಕಿಲ್ಲ. ಅವಳು ಏಳುವವರೆಗೆ ಮುರಿಯದೆ ಹೊತ್ತುಕೊಂಡಿರುವುದು ನನ್ನ ಕೆಲಸ. ಎದ್ದ ಮೇಲೆ ಎತ್ತ ಹೋಗಬೇಕೆಂಬುದು ಅವಳದು.